ಅಡಿಗರ ಕೈರುಚಿ

“ಸರಿ ಅತ್ಲಾಗೆ ಬೇವಾರ್ಸಿ! ಬೆಲ್ಲು ಹೊಡ್ದದ್ದು ಕೇಳ್ಲಿಲ್ವಾ? ಕಿವಿಗೆ ಸೆಗಣಿ ಹಾಕಿದ್ಯಾ?”

ಹೋಟೆಲಿನ ಧಣಿ ಶಾಮಸುಂದರ ರಾಯರು ಸೌಟು ಕಿತ್ತುಕೊಂಡ ರಭಸಕ್ಕೆ ಬಿಸಿ ಬೇಳೆಯ ನೀರು ಶೀನಪ್ಪನ ಮುಂಗೈ ಮೇಲೆ ಚೆಲ್ಲಿತು. ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡು ಸಿಂಕಿನ ಹತ್ತಿರ ಹೋಗಿ ನಿಂತ. ಅಲ್ಲಿ ತೊಳೆದಿಟ್ಟ ತಟ್ಟೆಯೊಂದನ್ನು ಎತ್ತಿಕೊಂಡು ಮತ್ತೆ ತೊಳೆಯತೊಡಗಿದ. ಅಕ್ಕಿ ಮೂಟೆಗಳ ಮೇಲೆ ಮಲಗಿದ್ದ ವಾದಿರಾಜ ಅಡಿಗರು ಎದ್ದು, ಬನಿಯನ್ ಕಳಚಿ, ಜನಿವಾರವನ್ನು ಕಾಣುವಂತೆ ಎದೆಯ ಮೇಲೆ ಎಳೆದುಕೊಂಡು, ರಾಯರ ಕೈಯಿಂದ ಸೌಟು ತೆಗೆದುಕೊಂಡು ಹಂಡೆಯ ಮುಂದೆ ನಿಂತರು.

ಅಡುಗೆಮನೆಯ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಎಣ್ಣೆ ಕಂಪೆನಿಯಲ್ಲಿ ದೊಡ್ಡ ಆಫೀಸರಾಗಿದ್ದ, ಮೈಸೂರು ಕಡೆಯ ರಘುನಂದನ ಅವರದು. ಪ್ರತಿ ಶುಕ್ರವಾರ ಹೆಂಡತಿ ಮಗಳೊಂದಿಗೆ ಊಟಕ್ಕೆ ಬರುವವರು.

“ಏನ್ ಅಡಿಗ್ರೇ, ಚೆನ್ನಾಗಿದೀರಾ? ಸಾಂಬಾರು ಇವತ್ತು ಅಮೃತ ಕಣ್ರೀ. ಇದೆಲ್ಲ ಕಲಿತು ಬರೋದಲ್ಲ.”

“ಎಲ್ಲ ಕೃಷ್ಣನ ದಯೆ,” ಎಂದರು ಅಡಿಗರು.

ಮುಖ ಮರೆಯಾಯಿತು. ಅಡಿಗರು ಹೊಸ ಹಂಡೆಯಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದರು. “ಉಪ್ಪು ಸ್ವಲ್ಪ ಕಮ್ಮಿ ಆಯ್ತಲ್ಲನಾ ಶೀನ?”

“ಇನ್ನೂ ಹಾಕ್ಲಿಲ್ಲ,” ಎಂದ ಶೀನಪ್ಪ.

ಅಡಿಗರು ಸೌಟನ್ನು ಅವನ ಕೈಗೆ ಕೊಟ್ಟು ಅಕ್ಕಿ ಮೂಟೆಗೆ ವಾಪಸಾದರು.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿದ್ದ ಆ ಶುದ್ಧ ಸಸ್ಯಾಹಾರಿ ಹೋಟೆಲಿನಲ್ಲಿ ಇದು ವರ್ಷಗಳಿಂದ ನಡೆದುಕೊಂಡು ಬಂದ ಪದ್ಧತಿ. ಗಿರಾಕಿಗಳು ಅಡುಗೆಮನೆ ಕಡೆ ಹೊರಟರೆ ರಾಯರು ಗಲ್ಲೆಯ ಮೇಲಿನ ಬೆಲ್ಲು ಒತ್ತುತ್ತಿದ್ದರು. ಒಂದು ಸಲ ಒತ್ತಿದರೆ ಬಲದಿಯಾದ, ಅಂದರೆ ನಗರಸಭೆಯ, ಇನ್ಸ್‌ಪೆಕ್ಟರು. ಆಗ ಎಲ್ಲರೂ ಬಿಳಿ ಕೋಟು, ಬಿಳಿ ಟೊಪ್ಪಿ ಹಾಕಿಕೊಳ್ಳಬೇಕು. ಎರಡು ಸಲ ಒತ್ತಿದರೆ ಊರಿನ ಗಿರಾಕಿ. ಆಗ ಅಡಿಗರು ಬರಿಮೈಯಲ್ಲಿ ಒಲೆಯ ಮುಂದೆ, ಶೀನಪ್ಪ ಸಿಂಕಿನ ಮುಂದೆ. ಉಳಿದ ಹೊತ್ತಿನಲ್ಲಿ ಅಡುಗೆ ಮಾಡುವವನು ಶೀನಪ್ಪನೇ.

ಅವನನ್ನು ಇಲ್ಲಿಗೆ ಕರೆತಂದವರೂ ರಾಯರೇ. ಕಾರ್ಕಳದ ಹತ್ತಿರದ ಊರಿನಲ್ಲಿ ರಾಯರದು ದೊಡ್ಡ ಮನೆ, ಶೀನಪ್ಪನದು ಊರಾಚೆಯ ಕಾಲನಿ. ನಂಬಿಕೆಯ ಆಳು ಬೇಕಿತ್ತು. ಕ್ಲೀನರ್ ವೀಸಾದ ಮೇಲೆ ಕರೆಸಿಕೊಂಡರು. ಮೊದಲ ಎರಡು ವರ್ಷ ಅವನು ಪಾತ್ರೆ ತೊಳೆದ. ಆಮೇಲೆ ಅಡಿಗರಿಗೆ ಸೊಂಟ ನೋವು ಶುರುವಾಯಿತು. ಅವರು ಸ್ಟೂಲಿನ ಮೇಲೆ ಕೂತು ಹೇಳಿದರು, ಶೀನಪ್ಪ ಮಾಡಿದ. ಸ್ವಲ್ಪ ಸಮಯದ ನಂತರ ಅವರು ಹೇಳುವುದನ್ನೂ ಬಿಟ್ಟರು. ಅಡಿಗರು ಕೆಟ್ಟ ಮನುಷ್ಯರಲ್ಲ. ಶೀನಪ್ಪ ಮಾಡಿದ್ದನ್ನು ಮೂರು ಹೊತ್ತೂ ಉಂಡರು. “ಸಮುದ್ರ ದಾಟಿದ ಮೇಲೆ ಎಂತದು ಮಾರಾಯ,” ಎನ್ನುತ್ತಿದ್ದರು. ರಜೆಗೆ ಊರಿಗೆ ಹೋದಾಗ ಮಾತ್ರ ಮೊದಲ ದಿನ ಪಂಚಗವ್ಯ ಕುಡಿಯುತ್ತಿದ್ದರಂತೆ.

ಒಮ್ಮೆ ಶೀನಪ್ಪ ರಾಯರಲ್ಲಿ ಕೇಳಿದ್ದ. ವೀಸಾದಲ್ಲಿ ಕ್ಲೀನರ್ ಬದಲು ಕುಕ್ ಅಂತ ಬರೆಸಿದರೆ, ಸಂಬಳವನ್ನೂ ಆ ಲೆಕ್ಕಕ್ಕೆ ತೋರಿಸಿದರೆ, ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದಿತ್ತು.

“ಸರ್ಟಿಫಿಕೇಟ್ ಉಂಟಾ?” ಎಂದಿದ್ದರು ರಾಯರು.

“ಎಲ್ಲಿಂದ ಧಣಿ? ನಾನು ಏಳನೇ ಕ್ಲಾಸು. ಕೆಲ್ಸ ಗೊತ್ತುಂಟಲ್ಲ?”

“ಕೆಲ್ಸ ಗೊತ್ತಿದ್ದದ್ದಕ್ಕೆ ಇಲ್ಲಿ ಯಾರೂ ಸ್ಟಾಂಪ್ ಹೊಡಿಯುದಿಲ್ಲ. ಕಾಗದ ಬೇಕು, ಕಾಗದ.”

ಅಲ್ಲಿಗೆ ಆ ಮಾತು ಖಲಾಸ್ ಆಗಿತ್ತು.

ದುಬಾಯಿಯಲ್ಲಿ ಕಟ್ಟಡಗಳು ಅರ್ಧಕ್ಕೆ ನಿಂತು ಕ್ರೇನುಗಳು ತಿರುಗುವುದನ್ನು ಬಿಟ್ಟ ವರ್ಷ, ಅಡಿಗರ ಕಾಲಿನ ಹುಣ್ಣು ಸಕ್ಕರೆ ಕಾಯಿಲೆಯಿಂದ ಮಾಯದೆ ಹೋಯಿತು. ಅವರು ಊರಿಗೆ ಹೊರಟರು. ಹೊರಡುವ ದಿನ ಶೀನಪ್ಪನ ಕೈಗೆ ತಮ್ಮ ಹಳೆಯ ಟ್ರಾನ್ಸಿಸ್ಟರ್ ಕೊಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ನನ್ನ ಮಾನ ಕಾಪಾಡಿದವ ನೀನು. ಊರಿಗೆ ಬಂದಾಗ ಖಂಡಿತ ಮನೆಗೆ ಬಾ,” ಎಂದರು. ಸ್ವಲ್ಪ ಯೋಚಿಸಿ ಸೇರಿಸಿದರು: “ಬರುವ ಮೊದ್ಲು ಒಂದು ಫೋನು ಮಾಡು.”

ಅಡಿಗರು ಹೋದದ್ದು ಗಿರಾಕಿಗಳಿಗೆ ಎರಡೇ ವಾರದಲ್ಲಿ ಗೊತ್ತಾಯಿತು. ಸಾಂಬಾರು ಬದಲಾಗಿರಲಿಲ್ಲ. ಆದರೂ ಮೊದಲಿನ ಹಾಗಿಲ್ಲ ಎಂದು ಕೆಲವರು ಹೇಳಿದರು. ಒಂದು ಮಧ್ಯಾಹ್ನ ರಾಯರು ಶೀನಪ್ಪನನ್ನು ಗೋದಾಮಿನ ಪಕ್ಕದ ತಮ್ಮ ಕೋಣೆಗೆ ಕರೆದರು.

“ಕೂತ್ಕೊ,” ಎಂದರು.

ಶೀನಪ್ಪ ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. ಅವನು ಕುರ್ಚಿಯ ಅಂಚಿನಲ್ಲಿ ಕೂತ.

“ನೋಡು ಶೀನ. ಊರಿಂದ ಹೊಸ ಜನ ತರಿಸ್ಲಿಕ್ಕೆ ಈಗ ಟೈಮು ಸರಿ ಇಲ್ಲ. ನಿಂಗೆ ಎಕ್ಸ್‌ಪೀರಿಯನ್ಸ್ ಉಂಟು, ನಾನು ಇಲ್ಲ ಹೇಳುದಿಲ್ಲ. ಆದ್ರೆ ಜನ ಎಕ್ಸ್‌ಪೀರಿಯನ್ಸ್ ತಿನ್ಲಿಕ್ಕೆ ಬರುದಲ್ಲ ಮಾರಾಯ. ಅಡಿಗರ ಕೈರುಚಿ ತಿನ್ಲಿಕ್ಕೆ ಬರುದು. ಗೊತ್ತಾಯ್ತಾ?”

“ಗೊತ್ತಾಗ್ಲಿಲ್ಲ ಧಣಿ.”

“ಇನ್ನು ಮುಂದೆ ನೀನೇ ಅಡಿಗರು.”

ರಾಯರು ಎಲ್ಲ ಯೋಚಿಸಿಟ್ಟಿದ್ದರು. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾವನ್ನು ಪರಿಚಯದವನೊಬ್ಬ ಮಾಡಿಸಿ ಕೊಡುತ್ತಾನೆ. ಅದರ ಮೇಲೆ ವೀಸಾ ಶೆಫ್ ಎಂದಾಗುತ್ತದೆ. ಹೆಂಡತಿ ಮಗಳನ್ನು ಕರೆಸಬಹುದು. ಪಟ್ಟಣದ ಹೊರಗಿನ ಮುಸಫ್ಫಾದಲ್ಲಿ ಒಂದು ಕೋಣೆ ಕೊಡಿಸುತ್ತೇನೆ ಎಂದರು. ಬದಲಿಗೆ ಅವನು ಮಾಡಬೇಕಾದ್ದು ಇಷ್ಟೆ: ಗಿರಾಕಿಗಳ ಮುಂದೆ ಹೆಸರು ಶ್ರೀನಿವಾಸ ಅಡಿಗ. ಗೋತ್ರ ವಿಶ್ವಾಮಿತ್ರ. ಮೈಮೇಲೆ ಜನಿವಾರ. ಮಾತು ಕಮ್ಮಿ. ಇಷ್ಟು ವರ್ಷ ಗಿರಾಕಿಗಳು ನೋಡಿದ್ದು ಸಿಂಕಿನ ಮುಂದಿನ ಬೆನ್ನನ್ನು ಮಾತ್ರ.

“ಮತ್ತೆ ಮೀನು ಗೀನು ಎಲ್ಲ ಬಂದ್. ಬಾಯಿ ವಾಸನೆ ಬರ್ತದೆ.”

“ಆಗುದಿಲ್ಲ ಅಂದ್ರೆ?”

ರಾಯರಿಗೆ ಸಿಟ್ಟು ಬರಲಿಲ್ಲ. ಬೇಸರವಾಯಿತು. “ಆಗುದಿಲ್ಲ ಅಂದ್ರೆ ಎಷ್ಟು ಖರ್ಚಾದ್ರೂ ಒಂದು ಬ್ರಾಹ್ಮಣ ಹುಡುಗನ್ನ ತರಿಸ್ಲೇಬೇಕು. ಆಗ ನೀನು ಎಂತಕ್ಕೆ? ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ತೇನೆ. ನಿನ್ನ ಮೇಲೆ ನಂಗೆ ಪ್ರೀತಿ ಉಂಟು, ಅದಕ್ಕೇ ಹೇಳುದು.”

ಪಾಯ್ಸ್ ಎಂಬ ಮಂಗಳೂರಿನವನು ವೀಸಾದ ಕಾಗದಪತ್ರ ಮಾಡಿಕೊಡುವ ಟೈಪಿಂಗ್ ಸೆಂಟರ್ ಇಟ್ಟುಕೊಂಡಿದ್ದ. ಎರಡು ವಾರದಲ್ಲಿ ಡಿಪ್ಲೊಮಾ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಮುದ್ರೆ. ಬೆಂಗಳೂರಿನ ಯಾವುದೋ ಸಂಸ್ಥೆಯಲ್ಲಿ ಶೀನಪ್ಪ ಎಂಬವರು ಎರಡು ವರ್ಷ ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದರು.

“ಇದ್ರಲ್ಲಿ ಬರ್ದ ಎರಡು ವರ್ಷವೂ ನಾನು ಕೆಂಪು ಕಲ್ಲಿನ ಕೋರೆಯಲ್ಲಿ ಇದ್ದದ್ದು,” ಎಂದ ಶೀನಪ್ಪ.

“ಇರ್ಬಹುದು,” ಎಂದ ಪಾಯ್ಸ್. “ಸೆಕೆಂಡ್ ಕ್ಲಾಸ್ ಮಾಡುವ ಅಂತ ಇದ್ದೆ. ನಿನ್ನ ಮುಖ ನೋಡಿ ಪಾಪ ಅನ್ಸಿತು, ಫಸ್ಟ್ ಕ್ಲಾಸ್ ಹಾಕಿದೆ.”

“ಅಡಿಗ ಅಂತ ಇದ್ರಲ್ಲಿ ಇಲ್ವಲ್ಲ?”

“ಅದು ನನ್ನ ಕೈಯಲ್ಲಿ ಇಲ್ಲ ಮಾರಾಯ. ಅದಕ್ಕೆ ನೂಲು ಸಾಕು.”

ಆ ಸಂಜೆ ಶೀನಪ್ಪ ಊರಿಗೆ ಫೋನು ಮಾಡಿದ. ಹೆಂಡತಿ ಪ್ರಫುಲ್ಲಾ ಬೀಡಿ ಕಟ್ಟುತ್ತ ಮಾತಾಡುವವಳು. ಫೋನಿನಲ್ಲಿ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು. ಅವನು ಎಲ್ಲವನ್ನೂ ಹೇಳಿದ. ಕತ್ತರಿಯ ಸದ್ದು ನಿಂತಿತು.

“ನಾವು ಬರುದಾ? ಸತ್ಯವಾ?”

“ಸತ್ಯ.”

ಮದುವೆಯಾದ ಮೇಲೆ ಅವರಿಬ್ಬರು ಒಂದೇ ಮಾಡಿನ ಕೆಳಗೆ ಇದ್ದದ್ದು ರಜೆಯ ದಿನಗಳಲ್ಲಿ ಮಾತ್ರ. ಮಗಳು ದೀಪ್ತಿ ಅಪ್ಪನನ್ನು ಪ್ರತಿ ಸಲ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದಳು. ಪ್ರಫುಲ್ಲಾ ನಕ್ಕಳು.

“ನಾನು ಅಡಿಗರ ಹೆಂಡ್ತಿ ಆಗ್ಬೇಕಾ? ನಂಗೆ ಮಡಿ ಸೀರೆ ಉಡ್ಲಿಕ್ಕೆ ಗೊತ್ತಿಲ್ಲ.”

“ಅದೆಲ್ಲ ಕಲಿಬಹುದು.”

“ದೀಪ್ತಿ? ಅವಳ ಶಾಲೆಯ ಟೀಸಿಯಲ್ಲಿ ಜಾತಿ ಬರ್ದಿದ್ದಾರೆ. ಅಲ್ಲಿ ಶಾಲೆಗೆ ಸೇರಿಸುವಾಗ ಅದನ್ನು ಎಲ್ಲಿ ಹುಗಿಯುದು? ಅವಳಿಗೆ ಎಂತ ಹೇಳ್ಬೇಕು? ಅಪ್ಪನ ಹೆಸರು ಮನೆಯಲ್ಲಿ ಒಂದು, ಹೊರಗೆ ಒಂದು ಅಂತಾ?”

ಶೀನಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

“ಆದ್ರೂ ಬರ್ತೇವೆ,” ಎಂದಳು ಪ್ರಫುಲ್ಲಾ. “ನಂಗೆ ಸಾಕಾಗಿದೆ. ಎಂತ ಬೇಕಾದ್ರೂ ಆಗ್ತೇನೆ.”

ಶೀನಪ್ಪ ಒಪ್ಪಿಕೊಂಡ. ಅಲ್ಲಿಯ ವಾರದ ರಜೆಯಾದ ಒಂದು ಶುಕ್ರವಾರ ಬಸ್ಸು ಹಿಡಿದು ಹೋಗಿ ಇಂಡಿಯನ್ ಶಾಲೆಯೊಂದರ ಗೇಟನ್ನು ನೋಡಿಕೊಂಡು ಬಂದ. ಗೇಟು ಹಾಕಿತ್ತು. ಒಳಗೆ ಹಳದಿ ಬಸ್ಸುಗಳು ಸಾಲಾಗಿ ನಿಂತಿದ್ದವು.

ಮೊದಲ ದೊಡ್ಡ ಪರೀಕ್ಷೆ ರಘುನಂದನ ಅವರ ಗೃಹಪ್ರವೇಶ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅವರು ಹೊಸ ವಿಲ್ಲಾ ಬಾಡಿಗೆಗೆ ಹಿಡಿದಿದ್ದರು. ಊಟದ ಗುತ್ತಿಗೆ ರಾಯರದು. ಹೋಟೆಲಿಗೆ ತರಕಾರಿ, ತೆಂಗಿನಕಾಯಿ ಹಾಕುತ್ತಿದ್ದ ಬ್ಯಾರಿ ಮೂಸಬ್ಬ ತನ್ನ ಪಿಕಪ್ಪಿನಲ್ಲಿ ಹಂಡೆ, ಗ್ಯಾಸು, ಬಾಳೆಎಲೆ ಎಲ್ಲ ತಂದಿಳಿಸಿದ. ಬರಿಮೈಯಲ್ಲಿ ಜನಿವಾರ ಹಾಕಿಕೊಂಡು ಒಲೆ ಹಚ್ಚುತ್ತಿದ್ದ ಶೀನಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ಎಂತ ಶೀನ, ಚಳಿ ಆಗುದಿಲ್ವಾ?” ಎಂದ.

“ಮಾತಾಡ್ಬೇಡಿ ಮೂಸಾಕ. ನಂಗೆ ಮಾತು ಕಮ್ಮಿ ಅಂತ ಆರ್ಡರ್ ಉಂಟು.”

ವಿಲ್ಲಾದ ಹಿಂದಿನ ಅಂಗಳದಲ್ಲಿ ಅಡುಗೆ. ಗಾಜಿನ ಬಾಗಿಲಿನ ಆಚೆ ದೊಡ್ಡ ಹಾಲಿನಲ್ಲಿ ಪೂಜೆ. ಪೌರೋಹಿತ್ಯಕ್ಕೆ ಬಂದಿದ್ದ ನಿರಂಜನ ಭಟ್ಟರು ವಾರದ ದಿನಗಳಲ್ಲಿ ಬ್ಯಾಂಕೊಂದರ ಕಂಪ್ಯೂಟರ್ ನೋಡಿಕೊಳ್ಳುವವರು. ಹೋಮದ ನಡುವೆ ನೀರು ಕುಡಿಯಲು ಹೊರಗೆ ಬಂದರು.

“ತಮ್ಮದು ಗೋತ್ರ?”

“ವಿಶ್ವಾಮಿತ್ರ.”

“ಅರೆ! ನಮ್ದೂ ಅದೇ. ನಾವು ಸಗೋತ್ರದವರಾಯ್ತು.” ಭಟ್ಟರು ಶೀನಪ್ಪನ ಹೆಗಲ ಮೇಲೆ ಕೈಯಿಟ್ಟರು. “ನೋಡಿ, ಎಲ್ಲಿಂದ ಎಲ್ಲಿಗೆ! ರಕ್ತ ರಕ್ತವನ್ನ ಎಳೀತದೆ ಅನ್ನೋದು ಇದಕ್ಕೇ.”

ಸ್ವಲ್ಪ ಹೊತ್ತಿಗೆ ಮನೆಯೊಡತಿ ಚಾಮುಂಡೇಶ್ವರಿ ಮಗಳು ಹಿತಾಳನ್ನು ಕರೆದುಕೊಂಡು ಬಂದರು. “ಅಡಿಗ್ರೇ, ಇವ್ಳು ಹನ್ನೆರಡನೇ ಕ್ಲಾಸು. ಒಳ್ಳೆ ಇಂಜಿನಿಯರಿಂಗ್ ಕಾಲೇಜು ಸಿಗ್ಲಿ ಅಂತ ಆಶೀರ್ವಾದ ಮಾಡಿ.” ಶೀನಪ್ಪ ಹಿಂದೆ ಸರಿಯುವಷ್ಟರಲ್ಲಿ ತಾಯಿ ಮಗಳು ಇಬ್ಬರೂ ಬಗ್ಗಿ ಅವನ ಕಾಲು ಮುಟ್ಟಿದರು. ಕಾಲಿಗೆ ಯಾರೋ ಕೆಂಡ ತಾಗಿಸಿದ ಹಾಗಾಯಿತು.

“ಐ ಡೋಂಟ್ ವಾಂಟ್ ಇಂಜಿನಿಯರಿಂಗ್, ಅಮ್ಮಾ,” ಎಂದಳು ಹುಡುಗಿ. “ಐ ವಾಂಟ್ ಟು ಕುಕ್.”

“ಮೊದ್ಲು ಡಿಗ್ರಿ. ಆಮೇಲೆ ಏನ್ ಬೇಕಾದ್ರೂ ಬೇಯ್ಸು.”

“ಒಳ್ಳೇದಾಗ್ಲಿ,” ಎಂದ ಶೀನಪ್ಪ. ಯಾರಿಗೆ ಹೇಳಿದ್ದು ಎಂದು ಅವನಿಗೇ ತಿಳಿಯಲಿಲ್ಲ.

ನೈವೇದ್ಯವಾಗಿ ಮೊದಲ ಪಂಕ್ತಿ ಕೂತಿತು. ಎಲೆಗೆ ಸಾಂಬಾರು ಬೀಳುತ್ತಿದ್ದಂತೆ ರಘುನಂದನ ಎದ್ದು ನಿಂತು ನಾಲ್ಕು ಮಾತಾಡಿದರು. ಅವರಿಗೆ ಮಾತಾಡುವುದು ಇಷ್ಟ.

“ನಮ್ಮ ಕಂಪೆನೀಲಿ ನಾನು ದಿನಾ ನೂರಾರು ಸರ್ಟಿಫಿಕೇಟ್ ನೋಡ್ತೀನಿ. ಎಲ್ಲಾ ಬರೀ ಕಾಗದ. ನಮ್ಮ ಹೊಸ ಅಡಿಗರನ್ನ ನೋಡಿ. ಯಾವ ಕಾಲೇಜು ಕಲಿಸುತ್ತೆ ಈ ರುಚೀನ? ಇದು ಅನುಭವ. ತಲೆತಲಾಂತರದ ಸಂಸ್ಕಾರ. ರಕ್ತದಲ್ಲಿ ಬರ್ಬೇಕು ಇದು!”

ಚಪ್ಪಾಳೆ ಬಿತ್ತು. ರಾಯರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಗಾಜಿನ ಬಾಗಿಲಿನ ಈಚೆ ಶೀನಪ್ಪ ಪಾಯಸ ತಳ ಹಿಡಿಯದಂತೆ ತಿರುವುತ್ತಿದ್ದ.

ಆಗ ಹಿಂದಿನ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಪಕ್ಕದ ವಿಲ್ಲಾದ ಕಾಂಪೌಂಡಿಗೆ ಟೈಲ್ಸು ಕೂರಿಸುತ್ತಿದ್ದ ಕೂಲಿಯವನು. ಶುಕ್ರವಾರವೂ ಅವನಿಗೆ ಕೆಲಸವಿತ್ತು. ನೀಲಿ ಬಟ್ಟೆ ತುಂಬ ಸಿಮೆಂಟು, ತಲೆಗೆ ಸುತ್ತಿದ ಟವೆಲು.

“ಭಟ್ರ, ಕನ್ನಡ ಮಾತು ಕಿವೀಗೆ ಬಿತ್ರಿ. ಅನ್ನದ ವಾಸನಿನೂ ಬಂತು. ಒಂದೀಟು ಹಾಕ್ತೀರೇನ್ರಿ?”

“ಯಾವ ಊರು?” ಎಂದ ಶೀನಪ್ಪ.

“ವಿಜಾಪುರ ಕಡೆದವ್ರಿ. ಭೀಮಶಿ ಅಂತಾರ.”

ಅಷ್ಟರಲ್ಲಿ ರಾಯರು ಹೊರಗೆ ಬಂದರು. “ಏಯ್! ಒಳಗೆ ಕಾಲಿಡ್ಬೇಡ, ಅಲ್ಲೇ ನಿಲ್ಲು!” ಆಮೇಲೆ ಗಾಜಿನ ಬಾಗಿಲಿನ ಕಡೆ ನೋಡಿ ದನಿ ಇಳಿಸಿದರು. “ಅಡಿಗರೇ, ಪಂಕ್ತಿ ಇನ್ನೂ ಎದ್ದಿಲ್ಲ. ಒಂದು ಪ್ಲಾಸ್ಟಿಕ್ಕಿನಲ್ಲಿ ಅನ್ನ ಸಾಂಬಾರು ಕಲಸಿ ಅವನಿಗೆ ಹಾಕಿ ಕಳಿಸಿ. ಮೇಲಿನಿಂದ ಹಾಕಿ. ಮುಟ್ಬೇಡಿ.” ಹೇಳಿ ಒಳಗೆ ಹೋದರು.

ಶೀನಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಅನ್ನ ತುಂಬಿಸಿ ಸಾಂಬಾರು ಹೊಯ್ದ. ಗೇಟಿನ ಹತ್ತಿರ ಹೋದ. ಭೀಮಶಿ ಅವನ ಎದೆಯ ಮೇಲಿನ ದಾರವನ್ನು ನೋಡಿ ಎರಡು ಹೆಜ್ಜೆ ಹಿಂದೆ ಹೋದ. ಬೆನ್ನು ಬಗ್ಗಿಸಿದ, ಎರಡೂ ಕೈಯನ್ನು ಬೊಗಸೆ ಮಾಡಿ ಕೆಳಗೆ ಹಿಡಿದ, ಕಣ್ಣು ನೆಲಕ್ಕೆ ಹಾಕಿದ. ಹೀಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಡಲಾಚೆಯ ಆ ಮರಳಿನಲ್ಲಿ ಹಾಗೆ ಹೇಳುವವರಾದರೂ ಯಾರು?

ಆ ಬೊಗಸೆಯನ್ನು ಶೀನಪ್ಪ ಬಲ್ಲ. ರಾಯರ ಮನೆಯ ಹಟ್ಟಿಯ ಹಿಂದೆ ಅವನ ಅಮ್ಮ ದಿನವೂ ಹೀಗೇ ನಿಲ್ಲುತ್ತಿದ್ದಳು. ರಾಯರ ತಾಯಿ ಮೆಟ್ಟಿಲ ಮೇಲೆ ನಿಂತು ಉಳಿದ ಗಂಜಿಯನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಅದು ಬಿಸಿಯಾಗಿದ್ದ ದಿನವೂ ಅಮ್ಮ ಕೈ ಹಿಂದೆಗೆಯುತ್ತಿರಲಿಲ್ಲ. ಹಿಂದೆಗೆದರೆ ಗಂಜಿ ಮಣ್ಣಿಗೆ. ಅಮ್ಮನ ಪಕ್ಕದಲ್ಲಿ ನಿಂತು ಶೀನಪ್ಪ ಎಷ್ಟೋ ಸಲ ಮೇಲೆ ನೋಡಿದ್ದ. ಮೇಲಿನಿಂದ ಕೆಳಗೆ ನೋಡುವುದು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಅವನು ಚೀಲವನ್ನು ಪಕ್ಕಕ್ಕಿಟ್ಟ. ಒಳಗಿನಿಂದ ಒಂದು ಕುರ್ಚಿ ಎಳೆದು ತಂದ. ತರಕಾರಿಯ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಡಿಬಾಳೆ ಎಲೆ ಹಾಸಿ ನೀರು ಚಿಮುಕಿಸಿದ.

“ಕೂತ್ಕೊ.”

“ಬ್ಯಾಡ್ರಿ ಭಟ್ರ. ಬೈತಾರ್ರಿ.”

“ನಾನು ಭಟ್ಟ ಅಲ್ಲ. ಕೂತ್ಕೊ ಮಾರಾಯ, ಅನ್ನ ತಣೀತದೆ.”

ಭೀಮಶಿ ಕುರ್ಚಿಯ ತುದಿಯಲ್ಲಿ ಕೂತ. ಶೀನಪ್ಪ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಕ್ರಮವಾಗಿ ಬಡಿಸಿದ. ಹಿತಾ ಎಂಬ ಆ ಹುಡುಗಿ ಗಾಜಿನ ಆಚೆಯಿಂದ ನೋಡುತ್ತಿದ್ದಳು. ಅವಳ ಹಿಂದಿನಿಂದ ರಾಯರು ಧಾವಿಸಿ ಬಂದರು. ಬಂದವರು ಬಾಗಿಲು ಹಾಕಲು ಮರೆತರು.

“ಎಂತನಾ ಇದು ಬೋಳಿಮಗನೇ! ಪಂಕ್ತಿ ಕೂತಿರುವಾಗ ಇವನನ್ನು ಕುರ್ಚಿ ಮೇಲೆ ಕೂರಿಸ್ತೀಯಾ? ನೂಲು ಹಾಕಿದ್ರೂ ನಿನ್ನ ಕಾಲನಿ ಬುದ್ಧಿ ಬಿಡ್ಲಿಲ್ಲ ಅಲ್ವಾ! ಹೊಲೆಯನನ್ನು ಅಡಿಗ ಮಾಡ್ಲಿಕ್ಕೆ ಹೋದೆ ನೋಡು, ನನ್ನ ಮೆಟ್ಟಿನಲ್ಲಿ ನಂಗೇ ಹೊಡ್ಕೊಳ್ಬೇಕು!”

ಹಾಲಿನಲ್ಲಿ ಮಾತು ನಿಂತಿತು. ರಾಯರಿಗೆ ತಾನು ಹೇಳಿದ್ದು ತಡವಾಗಿ ಕೇಳಿಸಿತು.

ರಘುನಂದನ ಬಾಗಿಲಿಗೆ ಬಂದರು. ಬಲಗೈಯಲ್ಲಿ ಅನ್ನ ಅಂಟಿತ್ತು. “ಏನ್ ರಾಯರೇ? ಯಾರನ್ನ ಏನು ಮಾಡಿದ್ರಿ?”

ರಾಯರು ಬಾಯಿ ತೆರೆದರು.

“ನನ್ನ ಹೆಸರು ಶೀನಪ್ಪ,” ಎಂದ ಶೀನಪ್ಪ. “ಧಣಿಗಳ ಊರಿನ ಕಾಲನಿಯವ. ಹೋಟೆಲಿನಲ್ಲಿ ಇಷ್ಟು ವರ್ಷ ನೀವು ಉಂಡದ್ದು ನಾನು ಮಾಡಿದ್ದು. ಹಳೇ ಅಡಿಗರು ಇರುವಾಗಲೂ ನಾನೇ ಮಾಡಿದ್ದು. ಇವತ್ತಿನದ್ದೂ ಹಾಗೆಯೇ.”

ಅವನು ಜನಿವಾರವನ್ನು ತಲೆಯ ಮೇಲಿನಿಂದ ತೆಗೆದು, ಕೆಲಸ ಬಿಡುವವನು ಯೂನಿಫಾರಂ ವಾಪಸು ಕೊಡುವ ಹಾಗೆ ಮಡಚಿ ರಾಯರ ಕೈಯಲ್ಲಿಟ್ಟ. “ಇದು ನಿಮ್ದು. ಡಿಪ್ಲೊಮಾ ನಿಮ್ಮ ಮೇಜಿನ ಮೇಲೆಯೇ ಉಂಟು.” ಆಮೇಲೆ ಭೀಮಶಿಯ ಕಡೆ ತಿರುಗಿದ. “ಸಾಂಬಾರು ಹಾಕ್ಲಾ?”

ಒಳಗೆ ಯಾರೋ ಬಾತ್‌ರೂಮಿಗೆ ಓಡಿ ಬಾಯಿ ತೊಳೆಯುವ ಸದ್ದು ಕೇಳಿತು. ನಿರಂಜನ ಭಟ್ಟರು ಶೀನಪ್ಪನ ಹೆಗಲ ಮೇಲೆ ಇಟ್ಟಿದ್ದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಹೊಸ ಮನೆಗೆ ಶುದ್ಧಿ ಆಗಬೇಕು ಎಂದರು. ಒಬ್ಬ ಮುದುಕರು ಹೋಳಿಗೆ ಇನ್ನೂ ಬಂದಿಲ್ಲವಲ್ಲ ಎಂದು ಕೇಳಿ ಹೆಂಡತಿಯಿಂದ ಬೈಸಿಕೊಂಡರು.

ರಘುನಂದನ ಮಾತ್ರ ಶಾಂತರಾಗಿದ್ದರು. “ನೋಡಪ್ಪಾ,” ಎಂದರು. ಬೆಳಿಗ್ಗೆಯಿಂದ ಬಹುವಚನದಲ್ಲಿ ಮಾತಾಡುತ್ತಿದ್ದವರು. “ನಾವು ಅಂಥೋರಲ್ಲ. ಜಾತಿಗೀತಿ ನಮ್ಮನೇಲಿ ಇಲ್ಲ. ನಂಗೆ ಬೇಜಾರಾಗಿರೋದು ಸುಳ್ಳು ಹೇಳಿದ್ದಕ್ಕೆ. ಮೊದ್ಲೇ ನಿಜ ಹೇಳಿದ್ರೆ ಏನೂ ಇರ್ತಿರ್ಲಿಲ್ಲ.”

“ನಿಜ ಹೇಳಿದ್ರೆ ಕರೀತಿದ್ರಾ ಸಾರ್?”

ರಘುನಂದನ ಊಟವನ್ನು ಬೇರೆ ಹೋಟೆಲಿನಿಂದ ತರಿಸುವಂತೆ ಯಾರಿಗೋ ಹೇಳಿ ಒಳಗೆ ಹೋದರು. ಪಂಕ್ತಿ ಎದ್ದಿತು. ಕಪ್ಪು ಕಸದ ಚೀಲಗಳು ಬಂದವು. ಅನ್ನ, ಪಲ್ಯ, ಹೋಳಿಗೆ, ಪಾಯಸ ಎಲ್ಲ ಒಂದೊಂದಾಗಿ ಅದರೊಳಗೆ ಹೋದವು. ಭೀಮಶಿ ಊಟ ಮುಗಿಸಿ, ಎಲೆ ಮಡಚಿ, ಆ ಚೀಲಗಳನ್ನು ನೋಡುತ್ತ ನಿಂತ.

“ನಮ್ಮ ಕ್ಯಾಂಪಿಗೆ ಒಯ್ದಿದ್ರ ಎಷ್ಟು ಮಂದಿ ಉಣ್ಣತಿದ್ರು,” ಎಂದ.

ಮೂಸಬ್ಬ ಪಿಕಪ್ಪಿನಲ್ಲಿ ಕೂತು ಎಲ್ಲ ನೋಡಿದ್ದ. ಶೀನಪ್ಪ ಅಂಗಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಾಗ ಗಾಡಿ ಸ್ಟಾರ್ಟ್ ಮಾಡಿದ. ಗಾಡಿ ಮುಸಫ್ಫಾದ ದಾರಿ ಹಿಡಿಯಿತು.

“ಮುಸಫ್ಫಾದಲ್ಲಿ ಒಂದು ಕ್ಯಾಂಪಿನ ಮೆಸ್ಸು ನಂದು ಉಂಟು,” ಎಂದ ಮೂಸಬ್ಬ. “ಅಡುಗೆಯವ ಓಡಿ ಹೋದ. ಈಗ ನಾನೇ ಬೇಯಿಸುದು. ಜನ ನನ್ನನ್ನು ಕೊಲ್ಲುದು ಒಂದು ಬಾಕಿ. ಬರ್ತೀಯಾ?”

“ನನ್ನ ಪಾಸ್‌ಪೋರ್ಟು ಧಣಿಗಳ ಹತ್ರ. ವೀಸಾ ಅವರದ್ದು. ಓಡಿ ಹೋದ ಅಂತ ಕಂಪ್ಲೇಂಟ್ ಕೊಡ್ತಾರೆ.”

“ಕೊಡ್ತಾರೆ. ಸಿಕ್ಕಿದ್ರೆ ನಿಂಗೆ ಜೈಲು, ನಂಗೆ ಫೈನು. ನಾನು ಸುಳ್ಳು ಹೇಳುದಿಲ್ಲ. ಈಗ ಹೋಗಿ ಧಣಿಯ ಕಾಲು ಹಿಡಿದ್ರೆ ಸಿಂಕಿನ ಕೆಲ್ಸವಾದ್ರೂ ಉಳೀಬಹುದು. ಯೋಚನೆ ಮಾಡು.”

“ನಂಗೆ ಸರ್ಟಿಫಿಕೇಟ್ ಇಲ್ಲ ಮೂಸಾಕ.”

“ಇದ್ರೂ ನಂಗೆ ಓದ್ಲಿಕ್ಕೆ ಬರುದಿಲ್ಲ. ನಿನ್ನ ಅನ್ನ ಉಂಡಿದ್ದೇನೆ, ಅದು ಗೊತ್ತುಂಟು.”

ಶೀನಪ್ಪ ಕಿಟಕಿಯ ಹೊರಗೆ ನೋಡಿದ. ಮಗಳು, ಹಳದಿ ಬಸ್ಸು, ಮುಸಫ್ಫಾದ ಆ ಕೋಣೆ ಎಲ್ಲ ಒಂದೊಂದಾಗಿ ಹಿಂದೆ ಸರಿದವು. ಮೂಸಬ್ಬ ಕ್ಯಾಂಪಿನ ಕಡೆ ಗಾಡಿ ತಿರುಗಿಸಿದಾಗ ಅವನು ಬೇಡವೆನ್ನಲಿಲ್ಲ.

ಪ್ರಫುಲ್ಲಾಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ಪೂರ್ತಿ ಕೇಳಿದಳು. ಅಳಲಿಲ್ಲ.

“ಹಾಗಾದ್ರೆ ನಾವು ಬರುದಿಲ್ಲ.”

“ಇಲ್ಲ.”

“ನಾನು ಪಕ್ಕದ ಮನೆಯವರಿಗೆಲ್ಲ ಹೇಳಿ ಆಗಿತ್ತು.”

“ಹ್ಞೂಂ.”

“ಒಂದು ಅನ್ನ ಆ ವಿಜಾಪುರದವನ ಕೈಗೆ ಹಾಕಿ ಬರ್ಲಿಕ್ಕೆ ನಿಮ್ಗೆ ಆಗ್ಲಿಲ್ಲ ಅಲ್ವಾ?” ಅವಳ ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ಬಹಳ ದಿನ ಉಳಿಯಿತು. ಆದರೆ ಫೋನು ಇಡುವ ಮೊದಲು ಮತ್ತೊಂದು ಕೇಳಿದಳು. “ದೀಪ್ತಿಯ ಟೀಚರು ಅಪ್ಪನ ಉದ್ಯೋಗ ಎಂತ ಅಂತ ಕೇಳಿದ್ದಾರೆ. ಇಷ್ಟು ದಿನ ಕ್ಲೀನರ್ ಅಂತ ಹೇಳ್ತಿದ್ಳು. ಈಗ ಎಂತ ಹೇಳುದು?”

“ಅಡುಗೆ ಅಂತ ಹೇಳು.”

ಕ್ಯಾಂಪು ಎಂದರೆ ಕೂಲಿಯವರು ಮಲಗುವ, ತಗಡಿನ ಮಾಡಿನ ಉದ್ದ ಸಾಲುಗಳು. ಹಂಡೆ ದೊಡ್ಡದು, ಬೇಳೆ ಅಗ್ಗದ್ದು. ಮೊದಲ ದಿನ ಜನ ಹೊಸ ಅಡುಗೆಯವನ ಹೆಸರು ಕೇಳಿದರು. ಅವನು ಹೆಸರು ಹೇಳಿದ. ಊರಿನವನೊಬ್ಬ ಯಾವ ಮನೆ ಎಂದು ಕೇಳಿದ್ದಕ್ಕೆ ಕಾಲನಿ ಎಂದ. ಸಾಲಿನಲ್ಲಿದ್ದ ಒಬ್ಬನು ತಟ್ಟೆ ತೆಗೆದುಕೊಂಡು ಹೋದ. ಮೂರು ದಿನ ಅಂಗಡಿಯ ಕುಬ್ಬೂಸ್ ರೊಟ್ಟಿ ತಿಂದು ನಾಲ್ಕನೇ ದಿನ ವಾಪಸು ಬಂದ. ಶೀನಪ್ಪ ಅವನಿಗೂ ಬಡಿಸಿದ.

ರಾಯರು ಕಂಪ್ಲೇಂಟ್ ಕೊಟ್ಟಿದ್ದಾರೆ ಎಂದು ಒಬ್ಬರು, ಕೊಟ್ಟಿಲ್ಲ ಎಂದು ಇನ್ನೊಬ್ಬರು ಹೇಳುತ್ತಿದ್ದರು. ಉಡುಪಿಯಿಂದ ರಾಯರ ಹೋಟೆಲಿಗೆ ಬಂದ ಹೊಸ ಅಡುಗೆಯವರು ಇಬ್ಬರೂ ನಿಲ್ಲಲಿಲ್ಲ ಎಂಬ ಸುದ್ದಿಯೂ ಇತ್ತು. ತಿಂಗಳುಗಳು ಹೋದವು. ಬಿಸಿಲು ಏರಿದ ಒಂದು ಶುಕ್ರವಾರ ಮಧ್ಯಾಹ್ನ ಕ್ಯಾಂಪಿನ ಮುಂದೆ ರಾಯರ ಬಿಳಿ ಕಾರು ಬಂದು ನಿಂತಿತು. ಊಟದ ಸಾಲು ಬಾಗಿಲು ದಾಟಿ ಅಂಗಳದ ತುದಿಯವರೆಗೆ ಬೆಳೆದಿತ್ತು. ರಾಯರು ಆ ಸಾಲನ್ನು ಬಳಸಿಕೊಂಡು ನೇರವಾಗಿ ಹಂಡೆಯ ಹತ್ತಿರ ಬಂದರು. ಅಂಗಿಯ ಕಿಸೆಯಲ್ಲಿ ಶೀನಪ್ಪನ ಪಾಸ್‌ಪೋರ್ಟಿನ ನೀಲಿ ಅಂಚು ಕಾಣುತ್ತಿತ್ತು.

“ಶೀನ, ಆದದ್ದು ಆಯ್ತು. ಹೊರಡು. ನೂಲೂ ಬೇಡ, ಎಂತದೂ ಬೇಡ. ಮೊದಲಿನ ಹಾಗೆ ಹಿಂದೆ ಇದ್ದುಕೊಂಡು ಮಾಡು, ಯಾರಿಗೂ ಕಾಣುದು ಬೇಡ. ಇಲ್ಲ ಅಂದ್ರೆ ಇದನ್ನು ಹಿಡ್ಕೊಂಡು ನಾನು ಈಗ್ಲೇ ಸ್ಟೇಷನ್ನಿಗೆ ಹೋಗುದು. ಯಲ್ಲಾ, ಬೇಗ ಹೇಳು.”

ಶೀನಪ್ಪ ಮುಂದಿದ್ದವನ ತಟ್ಟೆಗೆ ಅನ್ನ ಹಾಕಿದ. ಅದರ ಮೇಲೆ ಸಾಂಬಾರು ಹೊಯ್ದ. ಮುಂದಿನವನ ತಟ್ಟೆ ಬಂತು.

“ಇದು ಊಟದ ಹೊತ್ತು,” ಎಂದ. “ಊಟಕ್ಕೆ ಬಂದದ್ದಾದ್ರೆ ಸಾಲಿನಲ್ಲಿ ನಿಲ್ಲಿ. ಬೇರೆ ಮಾತಾದ್ರೆ ಇವರದ್ದೆಲ್ಲ ಮುಗೀಲಿ.”

“ನಾನಾ? ಸಾಲಿನಲ್ಲಾ?”

“ಕಡೆ ಅಲ್ಲಿ ಉಂಟು.” ಶೀನಪ್ಪ ಸೌಟಿನಿಂದ ತೋರಿಸಿದ.

ರಾಯರು ತಿರುಗಿ ನೋಡಿದರು. ಸಾಲಿನಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಅವರು ಕರವಸ್ತ್ರ ತೆಗೆದು ತಲೆಯ ಮೇಲೆ ಹಾಕಿಕೊಂಡರು. ಒಂದು ಕೈ ಕಿಸೆಯ ಮೇಲಿತ್ತು. ಕಾರಿನ ಕಡೆಗೂ ಹೋಗದೆ, ಸಾಲಿಗೂ ಸೇರದೆ, ಸುಡುವ ಮರಳಿನಲ್ಲಿ ನಿಂತರು. ಶೀನಪ್ಪ ತಲೆ ಎತ್ತಲಿಲ್ಲ. ಮುಂದಿನ ತಟ್ಟೆ ಬಂತು, ಅದರ ಹಿಂದೆ ಇನ್ನೊಂದು.